ಕೊಚ್ಚಿಯಲ್ಲಿ ಸ್ಪ್ಯಾನಿಷ್, ಕೊಚ್ಚಿಯಲ್ಲಿ ಮಲಯಾಳಂ: ಬ್ಲೆಂಡೆಡ್ ಲರ್ನಿಂಗ್‌ನ 480 ವರ್ಷ

ಇದು ಈ ವಾರದ ಮಾತಿನ ಬರಹರೂಪ. ವಿಡಿಯೋದಲ್ಲಿ ಓಡಿಸಿಕೊಂಡು ಹೇಳಿದ ಇಸವಿ, ಹೆಸರುಗಳನ್ನೆಲ್ಲ ಇಲ್ಲಿ ನಿಧಾನವಾಗಿ ಜೋಡಿಸಿದ್ದೀನಿ. ಕೊನೆಯಲ್ಲಿ ಒಂದೆರಡು ಉದಾಹರಣೆ ಹೆಚ್ಚಿಗೆ ಸೇರಿಸಿದ್ದೀನಿ.

ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲೋ ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲೋ ಕೆಲಸ ಮಾಡೋ ನಮ್ಮ ಕನ್ನಡದವರಲ್ಲಿ ಎಷ್ಟೋ ಜನ ಈಗ ಒಂದು ವಿದೇಶಿ ಭಾಷೆ ಕಲೀತಿದ್ದಾರೆ. ಕ್ಲೈಂಟ್ ಮೆಕ್ಸಿಕೋದಲ್ಲೋ ಸ್ಪೇನ್‌ನಲ್ಲೋ ಇದ್ದರೆ ಸ್ಪ್ಯಾನಿಷ್, ಮ್ಯೂನಿಕ್‌ನಲ್ಲಿದ್ದರೆ ಜರ್ಮನ್. ಕಲಿಸೋ ವಿಧಾನಕ್ಕೆ ಬ್ಲೆಂಡೆಡ್ ಲರ್ನಿಂಗ್ ಅಂತ ಹೆಸರು. ಅಂದ್ರೆ ಅರ್ಧ ಪಾಠ ಪೋರ್ಟಲ್‌ನಲ್ಲಿ, ನಿಮ್ಮ ಬಿಡುವಿಗೆ ತಕ್ಕಂತೆ. ಇನ್ನರ್ಧ ಮೇಷ್ಟರ ಎದುರು. ಟ್ರೇನಿಂಗ್ ವಿಭಾಗದವರ ಸ್ಲೈಡಿನಲ್ಲಿ ಇದು ಹೊಚ್ಚಹೊಸ ವಿಧಾನ ಅಂತ ಇರುತ್ತೆ.

ಹೆಸರು ಹೊಸದು, ಒಪ್ಪೋಣ. ಆದರೆ ವಿಧಾನ ಇದೇ ಕರಾವಳಿಯಲ್ಲಿ 1540ರ ದಶಕದಿಂದ ನಡೀತಾ ಬಂದಿದೆ. ಮನೆಗೆ ಒಯ್ಯೋ ಅರ್ಧ ಮಾತ್ರ ಬದಲಾಗ್ತಾ ಹೋಯ್ತು: ಮೊದಲು ಕೈಬರಹ, ಆಮೇಲೆ ಅಚ್ಚಾದ ಪುಸ್ತಕ, ಆಮೇಲೆ ಉಪಗ್ರಹದ ಟಿವಿ, ಈಗ ಆ್ಯಪ್. ಇವತ್ತಿನ ಪ್ರಶ್ನೆ ಒಂದೇ. ಈ ಎರಡು ಅರ್ಧಗಳಲ್ಲಿ ಯಾವುದನ್ನು ತೆಗೆದರೆ ಕಲಿಕೆ ಬಿದ್ದುಹೋಗುತ್ತೆ?

ಗಂಟೆ ಹಿಡಿದು ಬೀದಿ ಸುತ್ತಿದವನು

ಫ್ರಾನ್ಸಿಸ್ ಕ್ಸೇವಿಯರ್ ಹೆಸರು ಗೋವಾಕ್ಕೆ ಹೋದವರಿಗೆಲ್ಲ ಗೊತ್ತು. ಹುಟ್ಟಿದ್ದು 1506ರಲ್ಲಿ, ಈಗಿನ ಸ್ಪೇನ್‌ನ ಉತ್ತರದಲ್ಲಿರೋ ನವಾರ್ರಾದಲ್ಲಿ. ಮನೆಮಾತು ಬಾಸ್ಕ್. 1542ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದಿಳಿದ, ಅದೇ ವರ್ಷ ತೂತ್ತುಕುಡಿ ಕಡೆಯ ಮುತ್ತಿನ ಕರಾವಳಿಗೆ ಹೋದ. ಉದ್ದೇಶ ಮತಪ್ರಚಾರ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ನಮಗೆ ಇವತ್ತು ಬೇಕಾಗಿರೋದು ಅವನು ಭಾಷೆಯ ಸಮಸ್ಯೆಯನ್ನು ಹೇಗೆ ಬಿಡಿಸಿದ ಅನ್ನೋದು.

1544ರ ಜನವರಿ 15ರಂದು ಕೊಚ್ಚಿಯಿಂದ ಅವನು ತನ್ನ ಸಂಗಾತಿಗಳಿಗೆ ಒಂದು ದೊಡ್ಡ ಕಾಗದ ಬರೆದ. ಅದರಲ್ಲಿ ಹೇಳೋದರ ಸಾರ ಹೀಗಿದೆ: ಇಲ್ಲಿನವರ ಮಾತು ಮಲಬಾರ್, ನನ್ನ ಮಾತು ಬಾಸ್ಕ್, ಅವರಿಗೆ ನಾನು ತಿಳಿಯಲ್ಲ, ನನಗೆ ಅವರು ತಿಳಿಯಲ್ಲ. ಮಲಬಾರ್ ಭಾಷೆ ಅಂತ ಆಗಿನ ಐರೋಪ್ಯರು ಕರೀತಿದ್ದದ್ದು ತಮಿಳನ್ನ. ಕ್ಸೇವಿಯರ್ ಮಾಡಿದ್ದು ಇಷ್ಟು. ಎರಡೂ ಕಡೆಯ ಮಾತು ಸ್ವಲ್ಪ ಸ್ವಲ್ಪ ಬಲ್ಲ ಸ್ಥಳೀಯರನ್ನು ಹುಡುಕಿ ಕೂರಿಸಿದ. ದಿನಗಟ್ಟಲೆ ಕೂತು ಪ್ರಾರ್ಥನೆಗಳನ್ನು ಅವರ ಮಾತಿಗೆ ತಂದರು. ಅದನ್ನು ಅವನು ಬಾಯಿಪಾಠ ಮಾಡಿದ. ಆಮೇಲೆ ಕೈಯಲ್ಲಿ ಗಂಟೆ ಹಿಡಿದು ಬೀದಿ ಬೀದಿ ಸುತ್ತಿ ಮಕ್ಕಳನ್ನೂ ದೊಡ್ಡವರನ್ನೂ ಸೇರಿಸಿ ದಿನಕ್ಕೆರಡು ಹೊತ್ತು ಹೇಳಿಕೊಟ್ಟ. ಒಂದು ತಿಂಗಳು ಇದೇ ಕೆಲಸ.

ಮುಂದಿನ ಭಾಗ ನಮ್ಮ ವಿಷಯಕ್ಕೆ ಮುಖ್ಯ. ಮಕ್ಕಳಿಗೆ ಹೋಂವರ್ಕ್ ಕೊಟ್ಟ: ಇಲ್ಲಿ ಕಲಿತದ್ದನ್ನು ಮನೆಗೆ ಹೋಗಿ ಅಪ್ಪ ಅಮ್ಮನಿಗೆ, ಅಕ್ಕಪಕ್ಕದವರಿಗೆ ಕಲಿಸಿ ಅಂತ. ಊರು ಬಿಡೋವಾಗ ಪಾಠದ ಒಂದು ಬರಹದ ಪ್ರತಿ ಬಿಟ್ಟು ಹೋಗ್ತಿದ್ದ. ಬರೆಯಲು ಬಲ್ಲವರು ನಕಲು ಮಾಡಿಕೊಂಡು ದಿನಾ ಹೇಳಬೇಕು, ಹಬ್ಬದ ದಿನ ಎಲ್ಲರೂ ಒಟ್ಟಿಗೆ ಸೇರಿ ಹೇಳಬೇಕು. ಅದನ್ನು ನೋಡಿಕೊಳ್ಳೋಕೆ ಊರಿಗೊಬ್ಬನನ್ನು ನೇಮಿಸಿದ. ಹೀಗೆ ನೇಮಿಸಿದವರ ಸಂಬಳಕ್ಕೆ ಗೋವಾದ ಗವರ್ನರ್ ವರ್ಷಕ್ಕೆ 4,000 ಚಿನ್ನದ ಪಣ ಮಂಜೂರು ಮಾಡಿದ ಅಂತಲೂ ಅದೇ ಕಾಗದದಲ್ಲಿದೆ.

1544ರ ಕೊನೆಯಲ್ಲಿ ಇದೇ ಕ್ರಮವನ್ನು ತಿರುವಾಂಕೂರು ಕರಾವಳಿಯ ಮೀನುಗಾರರ ಹಳ್ಳಿಗಳಿಗೂ ತಂದ. ಇವತ್ತಿನ ತಿರುವನಂತಪುರದ ಕಡಲತೀರ ಅದರೊಳಗೇ ಬರುತ್ತೆ.

ಈಗ ಇದನ್ನು ನಮ್ಮ ಭಾಷೆಯಲ್ಲಿ ಹೇಳೋಣ. ಬಿಟ್ಟು ಹೋದ ಬರಹದ ಪ್ರತಿ ಅಂದ್ರೆ ಕಂಟೆಂಟ್. ದಿನಾ ಹೇಳೋದು ಅಂದ್ರೆ ಪ್ರಾಕ್ಟೀಸ್. ಹಬ್ಬದ ದಿನ ಸೇರೋದು ಅಂದ್ರೆ ಲೈವ್ ಸೆಷನ್. ದುಡ್ಡು ಯಾವುದಕ್ಕೆ ಹೋಯ್ತು ನೋಡಿ. ಕಂಟೆಂಟಿಗಲ್ಲ, ಊರಿನಲ್ಲಿ ಕೂತು ಕೇಳಿಸಿಕೊಳ್ಳೋ ಮನುಷ್ಯನಿಗೆ.

ಈ ವಿಧಾನಕ್ಕೆ ಒಂದು ಮಿತಿಯೂ ಇತ್ತು. ಬಾಯಿಪಾಠದಿಂದ ಪ್ರಾರ್ಥನೆ ಒಪ್ಪಿಸಬಹುದು, ಆದರೆ ಎದುರಿನವನು ಪ್ರಶ್ನೆ ಕೇಳಿದರೆ? ಕ್ಸೇವಿಯರ್‌ಗೆ ಕೊನೆವರೆಗೂ ದುಭಾಷಿ ಬೇಕಾಗ್ತಿದ್ದ. ಆ ಭಾಷೆಯನ್ನು ಒಳಹೊಕ್ಕು ಕಲಿತವನು ಅವನ ನಂತರ ಬಂದ ಪೋರ್ಚುಗೀಸ್ ಪಾದ್ರಿ ಹೆನ್ರಿಕ್ ಹೆನ್ರಿಕೆಸ್. ಐರೋಪ್ಯನೊಬ್ಬ ಬರೆದ ತಮಿಳು ವ್ಯಾಕರಣಗಳಲ್ಲಿ ಇವನದೇ ಮೊದಲನೆಯದು. 1600ರಲ್ಲಿ ತೀರಿಕೊಳ್ಳೋವರೆಗೂ ಇವನು ಇದೇ ಜನರ ನಡುವೆ ಇದ್ದ.

ಅಚ್ಚು ಬಂತು, ಮೇಷ್ಟರು ಹೋಗಲಿಲ್ಲ

1554ರಲ್ಲಿ ಲಿಸ್ಬನ್‌ನಲ್ಲಿ ಒಂದು ಚಿಕ್ಕ ಪುಸ್ತಕ ಅಚ್ಚಾಯ್ತು. ತಮಿಳಿನ ಮಾತುಗಳು ರೋಮನ್ ಅಕ್ಷರದಲ್ಲಿ, ಜೊತೆಗೆ ಪೋರ್ಚುಗೀಸ್ ಅನುವಾದ. ನಮ್ಮ ಬಸ್ ಸ್ಟ್ಯಾಂಡಿನ ಪುಸ್ತಕದಂಗಡೀಲಿ "30 ದಿನಗಳಲ್ಲಿ ಮಲಯಾಳಂ ಕಲಿಯಿರಿ" ಅಂತ ಕನ್ನಡ ಲಿಪಿಯಲ್ಲೇ ಮಲಯಾಳಂ ವಾಕ್ಯ ಕೊಟ್ಟಿರೋ ಪುಸ್ತಕ ನೇತುಹಾಕಿರ್ತಾರಲ್ಲ, ಅದರ ಮುತ್ತಜ್ಜ ಇದು.

ಆಮೇಲೆ ಅಚ್ಚಿನ ಕೆಲಸ ನಮ್ಮ ಕರಾವಳಿಗೇ ಬಂತು. ತಮಿಳು ಅಚ್ಚುಮೊಳೆಗಳನ್ನು ಮೊದಲು ಮಾಡಿದವನು ಗೋವಾದಲ್ಲಿದ್ದ ಜುವಾನ್ ಗೊನ್ಸಾಲ್ವೆಸ್ ಅನ್ನೋ ಜೆಸ್ಯೂಟ್ ಬ್ರದರ್. ಮೂಲತಃ ಸ್ಪೇನ್‌ನವನು. 1578ರ ಅಕ್ಟೋಬರ್ 20ರಂದು ಕೊಲ್ಲಂನಲ್ಲಿ ಹೆನ್ರಿಕೆಸ್‌ನ 16 ಪುಟದ "ತಂಬಿರಾನ್ ವಣಕ್ಕಂ" ಅಚ್ಚಾಯ್ತು. ಭಾರತದ ಲಿಪಿಯೊಂದರಲ್ಲಿ ಭಾರತದಲ್ಲೇ ಅಚ್ಚಾಗಿ ಉಳಿದಿರೋ ಪುಸ್ತಕಗಳಲ್ಲಿ ಇದೇ ಮೊದಲನೆಯದು. ಮರುವರ್ಷ, 1579ರ ನವೆಂಬರ್ 14ರಂದು, ಕೊಚ್ಚಿಯಲ್ಲಿ ಎರಡನೆಯದು ಬಂತು, "ಕಿರಿಸಿತ್ತಿಯಾನಿ ವಣಕ್ಕಂ". ಈ ಎರಡನೆಯದು ಗುರು ಶಿಷ್ಯರ ಪ್ರಶ್ನೋತ್ತರಕ್ಕೆ ಅಂತ ಬರೆದ ಪಾಠ. ಪುಸ್ತಕ ಅಚ್ಚಾದ ಮೇಲೂ ಎದುರಿಗೆ ಒಬ್ಬ ಕೇಳುವವನು, ಒಬ್ಬ ಉತ್ತರಿಸುವವನು ಇರಬೇಕು ಅನ್ನೋದು ಅದರ ರಚನೆಯೊಳಗೇ ಇದೆ.

ಅದೇ ಕಾಲದಲ್ಲಿ ಕೊಚ್ಚಿಯ ಆಸುಪಾಸಿನಲ್ಲಿ ಎರಡು ಶಾಲೆಗಳ ಕಥೆ ನಡೀತು. 1540ರ ದಶಕದಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ವಿಸೆಂಟೆ ದ ಲಾಗೋಸ್ ಕೊಡುಂಗಲ್ಲೂರಿನಲ್ಲಿ ಸ್ಥಳೀಯ ಕ್ರೈಸ್ತ ಹುಡುಗರಿಗೆ ಕಾಲೇಜು ಕಟ್ಟಿದ. ಲ್ಯಾಟಿನ್ ಚೆನ್ನಾಗಿ ಕಲಿಸಿದರು. ಆದರೆ ಕೇರಳದ ಸಂತ ಥಾಮಸ್ ಕ್ರೈಸ್ತರ ಪೂಜೆಯ ಭಾಷೆ ಸಿರಿಯಾಕ್. ಅದನ್ನು ಅಲ್ಲಿ ಕಲಿಸಲಿಲ್ಲ. ಫಲ? ಓದಿ ಬಂದ ಹುಡುಗರನ್ನು ಅವರ ಸಮುದಾಯದವರೇ ಪಾದ್ರಿಗಳಾಗಿ ಒಪ್ಪಲಿಲ್ಲ. 1580ರ ದಶಕದಲ್ಲಿ ಜೆಸ್ಯೂಟರು ಚೇಂದಮಂಗಲಂ ಬಳಿಯ ವೈಪ್ಪಿಕೋಟ್ಟದಲ್ಲಿ ಸೆಮಿನರಿ ತೆರೆದಾಗ ಸಿರಿಯಾಕ್ ಪಾಠಪಟ್ಟಿಗೆ ಸೇರ್ತು. ಅಲ್ಲಿ ಸಿರಿಯಾಕ್ ಕಲಿಸಿದವನು ಫ್ರಾನ್ಸಿಸ್ಕೊ ರೋಸ್, ಸ್ಪೇನ್‌ನ ಕ್ಯಾಟಲೋನಿಯಾದವನು. ಮಲಯಾಳವನ್ನೂ ಕಲಿತಿದ್ದ. ಮುಂದೆ ಅಂಗಮಾಲಿಯ ಬಿಷಪ್ ಆದ.

ಈ ಬದಲಾವಣೆಯ ಹಿಂದೆ ಅಧಿಕಾರದ ಲೆಕ್ಕಾಚಾರ ಬೇಕಾದಷ್ಟಿತ್ತು, ಆ ಸಮುದಾಯ ಮುಂದೆ ರೋಮ್‌ನವರ ಜೊತೆ ಜಗಳ ಆಡಿದ್ದೂ ಚರಿತ್ರೆಯಲ್ಲಿದೆ. ಅದು ಬೇರೆ ವಿಡಿಯೋ. ನಮಗೆ ಬೇಕಾದ ಎಳೆ ಇಷ್ಟೇ: ಕಲಿತ ಭಾಷೆಯಲ್ಲಿ ನಿಮ್ಮ ಮಾತಿಗೆ ಕಾಯೋ ಜನ ಇಲ್ಲದಿದ್ದರೆ ಪಾಠ ಎಷ್ಟೇ ಚೆನ್ನಾಗಿದ್ದರೂ ಅದು ಎಲ್ಲಿಗೂ ತಲುಪಲ್ಲ.

ಉಪಗ್ರಹದಿಂದ ಬೆಕ್ಕಿನ ಕಥೆ

ಈಗ ನಾಲ್ಕು ಶತಮಾನ ದಾಟಿ ತಿರುವನಂತಪುರಕ್ಕೆ ಬರೋಣ. 2001ರಲ್ಲಿ ಕೇರಳ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ತರೋ ಐಟಿ@ಸ್ಕೂಲ್ ಯೋಜನೆ ಶುರು ಮಾಡ್ತು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಎಜುಸ್ಯಾಟ್ ಹಾರಿಸ್ತು, ಪಾಠಕ್ಕೆಂದೇ ಮೀಸಲಾದ ಉಪಗ್ರಹ. 2005ರ ಜುಲೈ 28ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ತಿರುವನಂತಪುರದಲ್ಲಿ ವಿಕ್ಟರ್ಸ್ ಚಾನೆಲ್ ಉದ್ಘಾಟಿಸಿದರು. ಎಜುಸ್ಯಾಟ್ 2010ರಲ್ಲಿ ನಿವೃತ್ತಿ ಆಯ್ತು, ಚಾನೆಲ್ ಮುಂದುವರೀತು. ಯೋಜನೆ 2017ರಲ್ಲಿ ಕೈಟ್ ಅನ್ನೋ ಸರ್ಕಾರಿ ಕಂಪನಿ ಆಯ್ತು.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಇದು ಕೈಗೆ ಬಂತು. ಜೂನ್ 1ರಂದು "ಫಸ್ಟ್ ಬೆಲ್" ಹೆಸರಲ್ಲಿ ಟಿವಿ ಪಾಠ ಶುರು. ಮೊದಲ ದಿನದ ಒಂದನೇ ಕ್ಲಾಸಿನ ಪಾಠದಲ್ಲಿ ಬಂದ ತಂಕುಪೂಚ್ಚ, ಮಿಟ್ಟುಪೂಚ್ಚ ಅನ್ನೋ ಎರಡು ಬೆಕ್ಕುಗಳು ಕೇರಳದ ಮನೆಮನೆಗೆ ಗೊತ್ತಾದವು. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೂ ಪಾಠಗಳು ಬಂದವು.

ಆದರೆ ಮೊದಲ ದಿನವೇ ಪ್ರಶ್ನೆ ಎದ್ದಿತು, ಟಿವಿ ಇಲ್ಲದ ಮನೆಯ ಮಗು ಏನು ಮಾಡಬೇಕು? ಗ್ರಂಥಾಲಯಗಳಲ್ಲಿ, ಅಂಗನವಾಡಿಗಳಲ್ಲಿ ಟಿವಿ ಇಟ್ಟು ಮಕ್ಕಳನ್ನು ಕೂರಿಸೋ ವ್ಯವಸ್ಥೆ ಆಯ್ತು. ಪಾಠ ಮುಗಿದ ಮೇಲೆ ಆಯಾ ಶಾಲೆಯ ಮೇಷ್ಟರು ಫೋನಲ್ಲೋ ವಾಟ್ಸಾಪಲ್ಲೋ ಮಕ್ಕಳನ್ನು ಹಿಡಿದು ಮುಂದಿನ ಕೆಲಸ ಮಾಡಿಸ್ತಿದ್ದರು. ಗಮನಿಸಿ, ಕ್ಸೇವಿಯರ್ ಊರಿಗೊಬ್ಬನನ್ನು ನೇಮಿಸಿದ ಹಾಗೇ. ಪ್ರಸಾರ ರಾಜ್ಯಕ್ಕೆಲ್ಲ ಒಂದೇ ಸಾಕಾಗಿತ್ತು, ಕೇಳಿಸಿಕೊಳ್ಳೋಕೆ ಮಾತ್ರ ಪ್ರತಿ ಊರಿಗೂ ಒಬ್ಬರು ಬೇಕಾದರು.

ನನ್ನ ಮಲಯಾಳಂ ಕಿವಿ ಪಳಗಿದ್ದೂ ಇದೇ ಪಾಠಗಳಿಂದ. ಯೂಟ್ಯೂಬಲ್ಲಿ ಪುಕ್ಕಟೆ ಸಿಗ್ತವೆ. ಒಂದನೇ ಕ್ಲಾಸಿನ ಮೇಷ್ಟರು ಮಾತಾಡೋ ವೇಗ ವಯಸ್ಕ ಕಲಿಯುವವರಿಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಎಂಟೆಕ್ ಆಗಿದ್ದರೂ ಪರವಾಗಿಲ್ಲ, ಬೆಕ್ಕಿನ ಕಥೆಯಿಂದ ಶುರು ಮಾಡಿ.

ಸ್ಪ್ಯಾನಿಷ್‌ಗೆ ಕನ್ನಡದ ದಾರಿ

ಈಗ ನಮ್ಮ ಆಫೀಸಿನ ಸ್ಪ್ಯಾನಿಷ್‌ಗೆ ಬರೋಣ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ವಾರಕ್ಕೆ ಎರಡು ಲೈವ್ ಕ್ಲಾಸ್, ಉಳಿದದ್ದೆಲ್ಲ ಪೋರ್ಟಲ್‌ನಲ್ಲಿ. ಕೆಲವು ತಿಂಗಳಾದ ಮೇಲೆ ಬಜೆಟ್ ಕತ್ತರಿಸಿದರು. ಕತ್ತರಿ ಬಿದ್ದದ್ದು ಲೈವ್ ಕ್ಲಾಸಿಗೆ, ಪೋರ್ಟಲ್ ಉಳೀತು. ವೀಡಿಯೋ, ಕ್ವಿಜ್, ಸರ್ಟಿಫಿಕೇಟ್ ಎಲ್ಲ ಹಾಗೇ ಇದ್ದವು. ಬ್ಯಾಚಿನ ಬಹುಪಾಲು ಜನ ಲಾಗಿನ್ ಆಗೋದೇ ಬಿಟ್ಟರು. ನಾವು ಮೂವರು ಮಾತ್ರ ಮಧ್ಯಾಹ್ನ ಊಟದ ಹೊತ್ತಲ್ಲಿ ಇಪ್ಪತ್ತು ನಿಮಿಷ ಸ್ಪ್ಯಾನಿಷಲ್ಲೇ ಮಾತಾಡೋದು ಅಂತ ಮಾಡ್ಕೊಂಡ್ವಿ. ಒಬ್ಬ ಮಲಯಾಳಿ, ಒಬ್ಬ ತಮಿಳಿನವಳು, ನಾನು. ಮುಂದುವರಿದದ್ದು ಆ ಟೇಬಲ್ ಮಾತ್ರ.

ಆ ಟೇಬಲ್ಲಿನಲ್ಲಿ ಹೊಳೆದದ್ದನ್ನು ಯಾವ ಆ್ಯಪ್ ಕೂಡ ನನಗೆ ಹೇಳಿರಲಿಲ್ಲ. ಯಾಕಂದ್ರೆ ನಾನು ಬಳಸಿದ ಆ್ಯಪ್‌ಗಳೆಲ್ಲ ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಸ್ತವೆ. ಕನ್ನಡದವರಿಗೆ ಅದು ಸುತ್ತುದಾರಿ.

ಒಂದು: "ಮೆ ಗುಸ್ತಾ ಎಲ್ ಕಫೆ". ಇಂಗ್ಲಿಷಿನವರಿಗೆ ಇದು ತಲೆಕೆಳಗಾದ ವಾಕ್ಯ, ಪಾಠದಲ್ಲಿ ಎರಡು ಪುಟ ವಿವರಣೆ ಇರುತ್ತೆ. ನಮಗೆ? "ನನಗೆ ಕಾಫಿ ಇಷ್ಟ." ಅಷ್ಟೇ. ಮಲಯಾಳದಲ್ಲೂ "ಎನಿಕ್ಕ್ ಕಾಪ್ಪಿ ಇಷ್ಟಮಾಣ್".

ಎರಡು: ಸ್ಪ್ಯಾನಿಷಲ್ಲಿ ಕ್ರಿಯಾಪದದ ಬಾಲ ನೋಡಿದರೇ ಯಾರು ಅಂತ ಗೊತ್ತಾಗುತ್ತೆ. ಆಬ್ಲೊ, ಆಬ್ಲಾಸ್, ಆಬ್ಲಾ. ಕನ್ನಡದಲ್ಲೂ ಹಾಗೇ: ಮಾತಾಡ್ತೀನಿ, ಮಾತಾಡ್ತೀಯ, ಮಾತಾಡ್ತಾನೆ. "ನಾನು" ಅನ್ನೋದನ್ನ ಬಿಟ್ಟರೂ ಅರ್ಥ ಕೆಡಲ್ಲ. ನಮ್ಮ ಮಲಯಾಳಿ ಗೆಳೆಯನಿಗೆ ಇದೇ ಕಷ್ಟ ಆಯ್ತು, ಯಾಕಂದ್ರೆ ಮಲಯಾಳದಲ್ಲಿ ನಾನು, ನೀನು, ಅವನು ಎಲ್ಲರಿಗೂ "ಸಂಸಾರಿಕ್ಕುನ್ನು" ಒಂದೇ ರೂಪ. (ಹೌದು, ಇಲ್ಲಿ ಸಂಸಾರ ಅಂದ್ರೆ ಮಾತುಕತೆ. "ಸಂಸಾರ ಮಾಡೋಣ" ಅಂತ ಯಾರಾದ್ರೂ ಕರೆದ್ರೆ ಗಾಬರಿ ಬೀಳಬೇಡಿ.)

ಮೂರು: ಸೆರ್ ಮತ್ತು ಎಸ್ತಾರ್, ಸ್ಪ್ಯಾನಿಷಿನ ಎರಡು "ಇರು"ಗಳು. ಎಲ್ಲಿ ಯಾವುದು? ಕನ್ನಡದಲ್ಲಿ ಹೇಳಿ ನೋಡಿ. "ಅವನು ಇಂಜಿನಿಯರ್" ಅನ್ನೋವಾಗ ನಾವು ಕ್ರಿಯಾಪದವನ್ನೇ ಹಾಕಲ್ಲ, ಅಲ್ಲಿ ಸೆರ್. "ಮನೇಲಿದ್ದಾನೆ", "ಸುಸ್ತಾಗಿದ್ದಾನೆ" ಅನ್ನೋವಾಗ "ಇದ್ದಾನೆ" ಬರುತ್ತೆ, ಅಲ್ಲಿ ಎಸ್ತಾರ್. ನೂರಕ್ಕೆ ನೂರು ಹೊಂದಲ್ಲ, "ಎತ್ತರ ಇದ್ದಾನೆ" ಅಂತೀವಿ, ಆದರೆ ಅಲ್ಲಿ ಸೆರ್ ಬೇಕು. ಆದರೂ ಶುರುವಿಗೆ ಇಷ್ಟು ಸಾಕು.

1543ರಲ್ಲಿ ಎರಡೂ ಕಡೆ ಬಲ್ಲವರನ್ನು ಹುಡುಕಿ ಕೂರಿಸಿದ್ದು ಇದಕ್ಕೇ. ನಿಮ್ಮ ಭಾಷೆಯಿಂದ ಆ ಭಾಷೆಗೆ ಇರೋ ಹತ್ತಿರದ ದಾರಿಯನ್ನು ಎರಡೂ ಬಲ್ಲವರು ಒಂದು ವಾಕ್ಯದಲ್ಲಿ ತೋರಿಸ್ತಾರೆ.

ಈ ಕಲಿಕೆಯ ಮೇಲೆ ಬದುಕೇ ನಿಂತಿರೋರೂ ಇದೇ ಊರುಗಳಲ್ಲಿದ್ದಾರೆ. 2021ರ ಡಿಸೆಂಬರ್‌ನಲ್ಲಿ ಕೇರಳದ ನೋರ್ಕಾ ರೂಟ್ಸ್ ಜರ್ಮನಿಯ ಉದ್ಯೋಗ ಸಂಸ್ಥೆಯ ಜೊತೆ ಟ್ರಿಪಲ್ ವಿನ್ ಒಪ್ಪಂದಕ್ಕೆ ಸಹಿ ಹಾಕ್ತು. ಆಯ್ಕೆಯಾದ ನರ್ಸ್‌ಗಳು ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ಗೊಯ್ಥೆ ಸೆಂಟ್ರುಮ್‌ನಲ್ಲಿ ಕೂತು ಬಿ1 ಮಟ್ಟದವರೆಗೆ ಜರ್ಮನ್ ಕಲೀತಾರೆ. ಅವರ ಪರೀಕ್ಷೆಯಲ್ಲಿ ಮಾತಾಡೋ ಭಾಗವೇ ಬೇರೆ ಇದೆ. ಯಾಕೆ ಅಂತ ವಿವರಿಸಬೇಕಾಗಿಲ್ಲ. ನೋವು ಎಲ್ಲಿದೆ ಅಂತ ರೋಗಿ ಹೇಳೋವಾಗ ನಾಲ್ಕು ಆಯ್ಕೆ ಕೊಡಲ್ಲ.

ಚಙಾತಿ, ಮತ್ತು ನಾವು

ಕೊನೆಯ ಉದಾಹರಣೆ ನನಗೆ ಎಲ್ಲಕ್ಕಿಂತ ಮುಖ್ಯ. ಕೊಚ್ಚಿಯಿಂದ ಸ್ವಲ್ಪ ದೂರದ ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳಲ್ಲಿ ಬಂಗಾಳ, ಅಸ್ಸಾಂ, ಒಡಿಶಾ, ಬಿಹಾರದ ಕಾರ್ಮಿಕರು ತುಂಬಿದ್ದಾರೆ. 2017ರಲ್ಲಿ ಕೇರಳ ರಾಜ್ಯ ಸಾಕ್ಷರತಾ ಮಿಷನ್ ಅಲ್ಲಿ "ಚಙಾತಿ" ಶುರು ಮಾಡ್ತು. ಚಙಾತಿ ಅಂದ್ರೆ ಗೆಳೆಯ. ಪಠ್ಯಪುಸ್ತಕದ ಹೆಸರು "ಹಮಾರಿ ಮಲಯಾಳಂ", ಹೆಸರಲ್ಲೇ ಹಿಂದಿಯ ಸೇತುವೆ ಇದೆ. ಪುಸ್ತಕ ಕೊಟ್ಟು ಬಿಡಲಿಲ್ಲ, ಕಲಿಸೋ ಇನ್‌ಸ್ಟ್ರಕ್ಟರ್‌ಗಳನ್ನು ಕಾರ್ಮಿಕರಿದ್ದ ಕಡೆಗೇ ಕಳಿಸಿದರು. ಅದೇ ವರ್ಷ ಎರ್ನಾಕುಲಂ ಜಿಲ್ಲಾಡಳಿತ ಅವರ ಮಕ್ಕಳಿಗಾಗಿ ಬಿನಾನಿಪುರಂನ ಸರ್ಕಾರಿ ಹೈಸ್ಕೂಲಿನಿಂದ "ರೋಶನಿ" ಶುರು ಮಾಡ್ತು. ಮಕ್ಕಳ ಮಾತು ಬಲ್ಲ ಸ್ವಯಂಸೇವಕರು ಕ್ಲಾಸಲ್ಲಿ ಕೂತು ಆ ಮಾತಿನಿಂದ ಮಲಯಾಳಕ್ಕೆ ಕರ್ಕೊಂಡು ಬಂದರು.

ಇದು ಆಕಸ್ಮಿಕ ಅಲ್ಲ. 1990ರ ಫೆಬ್ರವರಿ 4ರಂದು ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಅಂತ ಘೋಷಣೆಯಾದದ್ದು ಇದೇ ಎರ್ನಾಕುಲಂ. ಆಗಲೂ ಮನೆ ಮನೆಗೆ ಹೋಗಿ ಕಲಿಸಿದ್ದು ಸ್ವಯಂಸೇವಕರು.

ಈಗ ನಮ್ಮ ಕಡೆ ತಿರುಗಿ ನೋಡೋಣ. ಬೆಂಗಳೂರಲ್ಲಿ ವಲಸೆ ಬಂದವರಿಗೆ "ಕನ್ನಡ ಕಲೀರಿ" ಅಂತ ನಾವು ಹೇಳ್ತೀವಿ, ಹೇಳಲೇಬೇಕು. ಆದರೆ ಅದು ಬರೀ ಬೇಡಿಕೆ. ಪುಸ್ತಕ, ವಿಡಿಯೋ, ಆ್ಯಪ್ ಅಂತ ಮನೆಗೆ ಒಯ್ಯೋ ಅರ್ಧ ಕನ್ನಡಕ್ಕೆ ಬೇಕಾದಷ್ಟಿದೆ. ಕೊರತೆ ಇರೋದು ಇನ್ನರ್ಧಕ್ಕೆ. ಒಡಿಶಾದ ಸೆಕ್ಯುರಿಟಿ ತಡವರಿಸ್ತಾ "ಯಾರ್... ಮನೆಗೆ... ಹೋಗ್ಬೇಕು ಸಾರ್?" ಅಂತ ಶುರು ಮಾಡಿದರೆ ನಾವು ಮೂರು ಸೆಕೆಂಡ್ ಕಾಯಲ್ಲ, ಹಿಂದಿಗೆ ಹೊರಳ್ತೀವಿ. ಅವನಿಗೆ ಮೂರು ಸೆಕೆಂಡ್ ಕೊಡೋ ಮನುಷ್ಯನೇ ಅವನ ಲೈವ್ ಕ್ಲಾಸ್.

ಇಲ್ಲಿ ಕೊಚ್ಚಿಯಲ್ಲಿ ಆ ಸೆಕ್ಯುರಿಟಿಯ ಜಾಗದಲ್ಲಿ ನಾವಿದ್ದೀವಿ. ಸ್ಪ್ಯಾನಿಷ್‌ಗೆ ಕಂಪನಿ ದುಡ್ಡು ಕೊಡುತ್ತೆ, ಮಲಯಾಳಕ್ಕೆ ಕೊಡಲ್ಲ. ಮಲಯಾಳಿ ಸಹೋದ್ಯೋಗಿಗಳು ಸೌಜನ್ಯದಿಂದ ನಮಗಾಗಿ ಇಂಗ್ಲಿಷಿಗೆ ಹೊರಳ್ತಾರೆ. ಹಾಗಾಗಿ ಐದು ವರ್ಷ ಇದ್ದರೂ "ಮತಿ", "ಶರಿ", "ಎತ್ರಯಾ" ದಾಟದೇ ವಾಪಸ್ ಹೋಗೋರು ನಮ್ಮಲ್ಲೂ ಇದ್ದಾರೆ. ಬೆಂಗಳೂರಲ್ಲಿ ನಾವು ಕೇಳೋದನ್ನು ಇಲ್ಲಿ ನಾವು ಮಾಡಿ ತೋರಿಸಿದರೆ ನಮ್ಮ ಬೇಡಿಕೆಗೆ ತೂಕ ಬರುತ್ತೆ.

ನಾನು ಮಾಡಿಕೊಂಡಿರೋ ವ್ಯವಸ್ಥೆ ಹೇಳ್ತೀನಿ, ಬೇಕಾದರೆ ತಗೊಳ್ಳಿ. ದಿನಕ್ಕೆ ಹದಿನೈದು ನಿಮಿಷ ಮನೆಯಲ್ಲಿ: ಫಸ್ಟ್ ಬೆಲ್‌ನ ಒಂದನೇ ಕ್ಲಾಸಿನ ಒಂದು ಪಾಠ. ದಿನಕ್ಕೆ ಹದಿನೈದು ನಿಮಿಷ ಹೊರಗೆ: ಒಬ್ಬ ಮನುಷ್ಯನ ಜೊತೆ, ಮಲಯಾಳದಲ್ಲೇ. ನನ್ನ ಮನೆ ಕೆಳಗಿನ ಚಹಾದ ಅಂಗಡಿಯ ಚೇಟ್ಟನಿಗೆ ಹೇಳಿಟ್ಟಿದ್ದೀನಿ, ನನ್ನ ಜೊತೆ ಹಿಂದಿ ಬೇಡ, ತಪ್ಪಾದರೆ ತಿದ್ದಿ ಅಂತ. ಅವರು ಬಹಳ ಗಂಭೀರವಾಗಿ ತಗೊಂಡಿದ್ದಾರೆ. ವಾಕ್ಯ ಸರಿಯಾಗೋವರೆಗೆ ಚಹಾ ಲೋಟ ಕೈಗೆ ಬರಲ್ಲ.

ಮುಂದಿನ ವಾರ ಇದರ ಎರಡನೇ ಭಾಗ: 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕಿಟೆಲ್, ತಲಶ್ಶೇರಿಯಲ್ಲಿ ಮಲಯಾಳಂ ಕಲಿತು 1872ರಲ್ಲಿ ನಿಘಂಟು ತಂದ ಗುಂಡರ್ಟ್. ಇಬ್ಬರೂ ಒಂದೇ ಬಾಸೆಲ್ ಮಿಷನ್ನಿನವರು. ಅವರಿಗೆ ಮೂರು ಸೆಕೆಂಡ್ ಕಾದವರು ಯಾರು ಅಂತ ನೋಡೋಣ.